ಅವ್ವಾರ ಕಾರು, ಕೆಂಪು ಅಂಟು

ನಿಂತ ಮೋಟಾರು ಕಂಡರೆ ನಾವೆಲ್ಲ ಮೋಟಾರನ್ನು ನೋಡುತ್ತೇವೆ. ಅವ್ವಾರು ಅದರ ಕೆಳಗಿನ ನೆಲ ನೋಡುತ್ತಿದ್ದರು. ಅಲ್ಲೊಂದು ತೇವದ ಕಲೆ ಕಂಡಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕುಳಿತು, ಬೆರಳ ತುದಿಗೆ ಹಚ್ಚಿಕೊಂಡು, ಹೆಬ್ಬೆರಳಿನಿಂದ ತಿಕ್ಕಿ ಮೂಸುತ್ತಿದ್ದರು. ಅದು ತಮ್ಮದೇ ಕಾರು ಆಗಬೇಕೆಂದೇನೂ ಇರಲಿಲ್ಲ. ಕಚೇರಿಯ ಮುಂದಿನ ಜೀಪಾಗಲಿ, ಮದುವೆ ಮನೆಯ ಮುಂದೆ ನಿಂತ ಬೀಗರ ಲಾರಿಯಾಗಲಿ, ಅವರಿಗೆ ಎಲ್ಲವೂ ಒಂದೇ. "ಇದು ನೀರು, ಹೋಸ್ ಪೈಪ್ ನೋಡಿಸ್ರಿ" ಎಂದೋ, "ಇದು ಎಂಜಿನ್ ಎಣ್ಣಿ, ಚೇಂಬರ್ ಸೋರಾಕತ್ತದ" ಎಂದೋ ಡ್ರೈವರನಿಗೆ ಹೇಳಿ, ಕೈ ತೊಳೆದುಕೊಂಡು ಊಟದ ಪಂಕ್ತಿಗೆ ಹೋಗಿ ಕೂರುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಕಳೆದ ತಿಂಗಳು ರಾಯಚೂರಿನ ನಮ್ಮ ಮನೆಗೆ ಬಂತು. ತುಂಬಿದ ಜೀವ, ಸುಖದ ಸಾವು ಎಂದರು. ಫೋನು ಇಟ್ಟೆ. ಮಾನ್ವಿಯ ಆ ಮನೆ, ಆ ಅಂಗಳ, ಅಂಗಳದ ಮೂಲೆಯ ಬೇವಿನ ಮರದ ಕೆಳಗೆ ನಿಂತ ಆ ಕಪ್ಪು ಕಾರು ಎಲ್ಲ ಕಣ್ಣ ಮುಂದೆ ಬಂತು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮಾನ್ವಿಯ ಹುಡುಗಿಯರ ಹೈಸ್ಕೂಲಿಗೆ ಶಿಕ್ಷಕಿಯಾಗಿ ಹೋದೆ. ಒಂಟಿ ಹೆಣ್ಣಿಗೆ ಮನೆ ಕೊಡುವವರು ಆಗ ಕಡಿಮೆ. ಅಕ್ಕಿ ಗಿರಣಿಯ ಸಾವುಕಾರರ ಮನೆಯಲ್ಲಿ ಮುಂದಿನ ಕೋಣೆ ಖಾಲಿ ಇದೆ ಎಂದು ಯಾರೋ ಹೇಳಿದರು. ಟ್ರಂಕು ಹಿಡಿದು ಅಂಗಳಕ್ಕೆ ಕಾಲಿಟ್ಟಾಗ ಮನೆಯಲ್ಲಿ ಯಾರೂ ಕಾಣಲಿಲ್ಲ. ಕಾರಿನ ಕೆಳಗಿಂದ ಇಳಕಲ್ ಸೀರೆಯ ಅಂಚು ಮತ್ತು ಎರಡು ಪಾದಗಳು ಮಾತ್ರ ಕಾಣುತ್ತಿದ್ದವು.

"ಯಾರದು?" ಎಂದು ಕೆಳಗಿನಿಂದಲೇ ದೊಡ್ಡ ದನಿ ಬಂತು. ಗಿರಣಿಯ ಸದ್ದಿನ ನಡುವೆ ಮಾತಾಡಿ ರೂಢಿಯಾದ ದನಿ.

"ಹೊಸ ಟೀಚರ್ರೀ. ಕೋಣೆ ಕೇಳಾಕ ಬಂದೀನಿ."

"ಛಲೋ ಆತು. ಆ ಕಲ್ಲಿನ ಮ್ಯಾಲ ಹನ್ನೆರಡರ ಪಾನಾ ಅದ, ಇತ್ಲಾಗ ಕೊಡ್ರಿ."

ಪಾನಾ ಎಂದರೆ ಸ್ಪ್ಯಾನರು ಎಂದು ನನಗೆ ಅಂದೇ ತಿಳಿದದ್ದು. ಕೊಟ್ಟೆ. ಸ್ವಲ್ಪ ಹೊತ್ತಿಗೆ ಅವರು ಹೊರಗೆ ಬಂದರು. ಎತ್ತರದ ಆಳು, ಅಗಲವಾದ ಮುಖ, ಹಣೆಯ ತುಂಬ ವಿಭೂತಿ, ವಿಭೂತಿಯ ಮೇಲೊಂದು ಎಣ್ಣೆಯ ಗೆರೆ. ನನ್ನ ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ. "ರೊಟ್ಟಿ ಉಂಡೀರೇನು?" ಎಂದು ಕೇಳಿದರು. ಕೋಣೆ ಸಿಕ್ಕಿತು.

ಊರಿಗೆಲ್ಲ ಅವರು ಅವ್ವಾರು. ಚಿಕ್ಕ ಹುಡುಗರು ಬೆನ್ನ ಹಿಂದೆ ಮೋಟಾರವ್ವ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಅವರ ತವರು ದೇವದುರ್ಗ. ಅವರ ತಂದೆ ನಿಜಾಮರ ಕಾಲದಲ್ಲಿ ಸರಕಿನ ಲಾರಿ ಇಟ್ಟುಕೊಂಡು ಹತ್ತಿ, ಸೇಂಗಾ ಸಾಗಿಸುತ್ತಿದ್ದರಂತೆ. ಆಗ ಈ ಭಾಗದಲ್ಲಿ ಲಾರಿ ಕೆಟ್ಟರೆ ರಿಪೇರಿಗೆ ಹೈದರಾಬಾದಿನಿಂದ ಮಿಸ್ತ್ರಿ ಬರಬೇಕು. ಅವನು ಬರುವವರೆಗೆ ಸರಕು ಬಯಲಲ್ಲಿ. ಹಾಗಾಗಿ ಅವರು ತಾವೇ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತರು, ಜೊತೆಗೆ ಮಗಳೂ ಕಲಿತಳು. "ನಮ್ಮವ್ವ ನನಗ ರೊಟ್ಟಿ ಬಡಿಯೋದು ಕಲಿಸೋದ್ರಾಗ ನಮ್ಮಪ್ಪ ಗಾಸ್ಕೆಟ್ ಕತ್ತರಿಸೋದು ಕಲಿಸಿಬಿಟ್ಟಿದ್ದ" ಎನ್ನುತ್ತಿದ್ದರು. ರೊಟ್ಟಿಯನ್ನು ಅವರು ಕೊನೆಯವರೆಗೂ ಚೆನ್ನಾಗಿ ಮಾಡಲಿಲ್ಲ. ಅದನ್ನೂ ಅವರೇ ಹೇಳುತ್ತಿದ್ದರು.

ಮದುವೆಯಾಗಿ ಬಂದ ಮನೆಯಲ್ಲಿ ಮಾವನವರು ಹೈದರಾಬಾದಿನ ಯಾವುದೋ ದೊಡ್ಡ ಮನೆತನದಿಂದ ಕೊಂಡು ತಂದ ವಿಲಾಯತಿ ಕಾರು ಇತ್ತು. ನನಗಿಂತ ವಯಸ್ಸಾದ ಕಾರು. ಸಾವುಕಾರರು, ಅಂದರೆ ಅವ್ವಾರ ಗಂಡ, ಹರೆಯದಲ್ಲಿ ಅದನ್ನು ನಡೆಸಲು ಹೋಗಿ ಊರ ಮಾರುಕಟ್ಟೆ ಗಂಜಿನಲ್ಲಿ ಮೆಣಸಿನಕಾಯಿ ಚೀಲಗಳ ಮೇಲೆ ಹತ್ತಿಸಿದ್ದರಂತೆ. ಇಡೀ ಗಂಜು ದಿನವೆಲ್ಲ ಸೀನಿತು ಎಂದು ಊರಲ್ಲಿ ಕಥೆ. ಅಂದಿನಿಂದ ಅವರು ಸ್ಟೇರಿಂಗ್ ಮುಟ್ಟಲಿಲ್ಲ. ಬಡಕಲು ಮೈಯ, ಮೆಲು ಮಾತಿನ, ಸದಾ ಬಿಳಿ ಧೋತರ ಶಲ್ಯದ ಮನುಷ್ಯ. ಕಾರು ನಡೆಸುವುದು ಹೆಂಡತಿ, ಹಿಂದಿನ ಸೀಟಿನಲ್ಲಿ ರೇಡಿಯೇಟರಿಗೆ ಹಾಕುವ ನೀರಿನ ಕೊಡ ಹಿಡಿದು ಕೂರುವುದು ಗಂಡ. ನೋಡಿ ನಕ್ಕವರು ಬಹಳ. ಅವರಿಬ್ಬರೂ ಅದನ್ನು ಲೆಕ್ಕಕ್ಕೆ ಹಿಡಿದವರಲ್ಲ.

ಹಳೆಯ ಎಂಜಿನ್ ಎಂದರೆ ಸೋರುವ ಎಂಜಿನ್. ಅವ್ವಾರ ಆಯುಷ್ಯದ ದೊಡ್ಡ ಪಾಲು ಆ ಸೋರಿಕೆ ನಿಲ್ಲಿಸುವುದರಲ್ಲಿ ಹೋಯಿತು. ಎರಡು ಕಬ್ಬಿಣದ ಮೈ ಕೂಡುವಲ್ಲಿ ನಡುವೆ ಗಾಸ್ಕೆಟ್ ಇರುತ್ತದೆ: ಕೆಲವು ಕಡೆ ಕಾಗದದ್ದು, ಕೆಲವು ಕಡೆ ಕಾರ್ಕಿನದು, ಎಂಜಿನಿನ ತಲೆಯ ಹತ್ತಿರ ತಾಮ್ರದ್ದು. ಯಾವುದಕ್ಕೆ ಯಾವ ಅಂಟು ಹಚ್ಚಬೇಕು, ಯಾವುದಕ್ಕೆ ಏನೂ ಹಚ್ಚಬಾರದು ಎಂಬುದರಲ್ಲಿ ಅವರ ಮಾತೇ ಕೊನೆ. ಅರಗನ್ನು ಸ್ಪಿರಿಟಿನಲ್ಲಿ ನೆನೆಹಾಕಿ ಮನೆಯಲ್ಲೇ ಒಂದು ಅಂಟು ಮಾಡುತ್ತಿದ್ದರು. ಗಟ್ಟಿಯಾದರೆ ಕಲ್ಲು. ಬಿಚ್ಚುವ ಕೆಲಸವಿಲ್ಲದ ಜಾಗಕ್ಕೆ ಅದು. ಪದೇ ಪದೇ ಬಿಚ್ಚಬೇಕಾದ ಕಡೆಗೆ ಅಂಗಡಿಯಿಂದ ತಂದ ಕರಿ ಮುಲಾಮು. ಅದು ಎಂದೂ ಗಟ್ಟಿಯಾಗುವುದಿಲ್ಲ. ಕಾರ್ಕಿನ ಗಾಸ್ಕೆಟನ್ನು ಒಂದು ಮೈಗೆ ಮಾತ್ರ ಅಂಟಿಸಬೇಕು, ಇನ್ನೊಂದು ಮೈಗೆ ತೆಳ್ಳಗೆ ಗ್ರೀಸು ಸವರಬೇಕು. ರಬ್ಬರಿನ ಹೋಸ್ ಪೈಪಿಗೆ ಏನೂ ಬೇಡ. "ಹೋಸ್ ಸೋರ್ತದಂದ್ರ ತಪ್ಪು ಹೋಸಿಂದಲ್ರೀ ಟೀಚರ್. ಒಳಗಿನ ಕಬ್ಬಿಣದ ಕೊಳವಿಗೆ ತುಕ್ಕು ಹಿಡದಿರ್ತದ. ಅದನ್ನ ತಿಕ್ಕಿ ತಗೀಬೇಕು. ಗ್ರೀಸ್ ಹಚ್ಚಿದ್ರ ರಬ್ಬರ್ ಉಬ್ಬಿ ಸಾಯ್ತದ."

ಆ ಅರಗಿನ ಅಂಟಿನ ಶೀಶೆ ಅಡುಗೆಮನೆಯ ಗೂಡಿನಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಇರುತ್ತಿತ್ತು. ಒಮ್ಮೆ ಕವಿತಾಳದಿಂದ ಬಂದ ನೆಂಟರೊಬ್ಬರು ಅದನ್ನು ಜೇನುತುಪ್ಪವೆಂದು ತಿಳಿದು ಹೋಳಿಗೆಯ ಮೇಲೆ ಸುರಿದುಕೊಂಡರು. ತುತ್ತು ಬಾಯಿಗೆ ಹೋಗುವ ಮೊದಲು ಅವ್ವಾರು ಹಾರಿ ಕೈ ಹಿಡಿದರು. "ಮಾವಾರ, ಅದು ಒಳಗ ಹೋದ್ರ ನಿಮ್ಮನ್ನ ಬಿಚ್ಚಾಕ ಬರಂಗಿಲ್ಲ!" ಎಂದರು. ನೆಂಟರು ಮತ್ತೆ ಆ ಮನೆಯಲ್ಲಿ ಹೋಳಿಗೆ ಮುಟ್ಟಲಿಲ್ಲವಂತೆ.

ಗಾಸ್ಕೆಟ್ ಸಾಮಾನಿಗೆ ರಾಯಚೂರಿಗೇ ಹೋಗಬೇಕು. ತೀನ್ ಕಂದೀಲಿನ ಹತ್ತಿರದ ಗಲ್ಲಿಯಲ್ಲಿ ಒಬ್ಬ ಮುದುಕರ ಅಂಗಡಿ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಅವ್ವಾರು ಅಲ್ಲಿಗೆ ಹೋಗುವುದೆಂದರೆ ಬೇರೆ ಹೆಂಗಸರು ಸೀರೆ ಅಂಗಡಿಗೆ ಹೋದಂತೆ. ಕಾರ್ಕ್ ಹಾಳೆ ಬಿಡಿಸಿ ಬೆಳಕಿಗೆ ಹಿಡಿದು ನೋಡುವರು, ಹೋಸ್ ಪೈಪನ್ನು ಮಡಿಚಿ ಸೀಳು ಇದೆಯೇ ಎಂದು ಉಗುರು ಆಡಿಸುವರು. ಚಾಚಾ ಬೇಸರವಿಲ್ಲದೆ ಒಂದೊಂದೇ ಇಳಿಸುವರು. ಎಂಬತ್ತರ ದಶಕ ಕಾಲಿಟ್ಟ ಮೇಲೆ ಒಂದು ಸಲ ನಾನೂ ಜೊತೆಗಿದ್ದೆ, ಸಾವುಕಾರರೂ ಇದ್ದರು. ಚಾಚಾ ಒಳಗಿನಿಂದ ಒಂದು ಹೊಸ ಟ್ಯೂಬು ತಂದರು.

"ಅವ್ವಾರ, ಇದು ನಯಾ ಮಾಲ್ ನೋಡ್ರಿ. ಕೆಂಪು ಅಂಟು. ಹಚ್ಚಿ ಬಿಟ್ರ ರಬ್ಬರ್ ಆಗ್ತದ. ಎಣ್ಣಿಗೂ ಹೆದರಂಗಿಲ್ಲ, ಬಿಸಿಗೂ ಹೆದರಂಗಿಲ್ಲ."

ಅವ್ವಾರು ಉಗುರಿನ ಮೇಲೆ ಹನಿ ಹಾಕಿಸಿಕೊಂಡು ಅಂಗಡಿಯ ಕಟ್ಟೆಯ ಮೇಲೆ ಕುಳಿತರು. ನಾವು ಚಹಾ ಕುಡಿದೆವು. ಅದು ಒಣಗಿದ ಮೇಲೆ ಎಳೆದು ನೋಡಿದರು. ರಬ್ಬರಿನ ಹಾಗೆ ಹಿಗ್ಗಿತು. "ಭಾಳ ಛಲೋ ಅದ" ಎಂದರು. ಸ್ವಲ್ಪ ಹೊತ್ತು ಯೋಚಿಸಿ ಟ್ಯೂಬನ್ನು ತಿರುಗಿ ಚಾಚಾನ ಕೈಗೆ ಕೊಟ್ಟರು. "ಆದ್ರ ನನಗ ಬ್ಯಾಡ. ಬೋಲ್ಟ್ ಬಿಗಿದಾಗ ಹೆಚ್ಚಾಗಿದ್ದು ಹೊರಗೂ ಬರ್ತದ, ಒಳಗೂ ಹೋಗ್ತದ. ಹೊರಗಿಂದು ಒರಸಬಹುದು, ಒಳಗಿಂದು ಯಾರು ಒರಸಬೇಕು?"

ಚಾಚಾ ನಕ್ಕು ಟ್ಯೂಬು ಒಳಗಿಟ್ಟರು. ಅಷ್ಟರಲ್ಲಿ ಸಾವುಕಾರರು ಪಕ್ಕದ ಅಂಗಡಿಯವರೊಡನೆ ಮಾತಿಗೆ ನಿಂತಿದ್ದರು. ಅವರ ಕಿವಿಗೆ ಬಿದ್ದದ್ದು "ಭಾಳ ಛಲೋ ಅದ" ಎಂಬುದಷ್ಟೇ.

ಇನ್ನು ಹೇಳುವುದು ಅದಾದ ಬೇಸಿಗೆ ಕಳೆದು ಶಾಲೆ ತೆರೆದ ದಿನಗಳ ಸಂಗತಿ. ನನ್ನ ಶಾಲೆಯಲ್ಲಿ ಮಲ್ಲಟದ ಕುರುಬರ ಹುಡುಗಿಯೊಬ್ಬಳು ಮೆಟ್ರಿಕ್ ಪಾಸಾಗಿದ್ದಳು. ಅವರ ಮನೆತನದಲ್ಲಿ ಅಲ್ಲಿಯವರೆಗೆ ಶಾಲೆಯ ಹೊಸ್ತಿಲು ದಾಟಿದ ಹೆಣ್ಣೇ ಇರಲಿಲ್ಲ. ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿಸಿದ್ದೆ, ರಾಯಚೂರಿಗೆ ಸಂದರ್ಶನಕ್ಕೆ ಕರೆ ಬಂದಿತ್ತು. ಮನೆಯಲ್ಲಿ ಸೋದರಮಾವ ಆಗಲೇ ಲಗ್ನದ ಮಾತು ತೆಗೆದಿದ್ದ. ತಂದೆ ಎರಡು ಮನಸ್ಸಿನಲ್ಲಿದ್ದ. ಕಂಬಳಿ ಹೆಗಲಿಗೇರಿಸಿ ಮಾನ್ವಿಗೆ ಬಂದು ನನ್ನ ಕೋಣೆಯ ಮುಂದೆ ನಿಂತ.

"ಬಸ್ಸಿನ್ಯಾಗ ಒಬ್ಬಾಕಿನ್ನ ಕಳಸಂಗಿಲ್ರಿ. ನೀವು, ಅವ್ವಾರು ಕರಕೊಂಡು ಹೋಗಿ ಬಂದ್ರ ಸೈ. ಹೊತ್ತು ಮುಣಗೋದ್ರಾಗ ಹುಡುಗಿ ಊರು ಮುಟ್ಟಬೇಕು. ಇಲ್ಲಂದ್ರ ಅಕಿ ಮಾವ ಊರಾಗ ನನ್ನ ಮಾನ ಕಳೀತಾನ."

ಅವ್ವಾರು ಒಳಗಿನಿಂದಲೇ, "ಮುಟ್ಟಸ್ತೀನಿ, ಹೋಗೋ ಯಪ್ಪಾ" ಎಂದರು.

ಆ ವಾರವೇ ದೇವದುರ್ಗದಲ್ಲಿ ಅವರ ತಾಯಿಗೆ ಆರಾಮ ತಪ್ಪಿ ಅವರು ತವರಿಗೆ ಹೋಗಬೇಕಾಯಿತು. ಕಾರಿನ ಚೇಂಬರು, ಅಂದರೆ ಎಂಜಿನಿನ ಕೆಳಗಿನ ಎಣ್ಣೆಯ ತಟ್ಟೆ, ಹನಿ ಹನಿ ಸೋರುತ್ತಿತ್ತು. "ಬಂದು ಕಾರ್ಕ್ ಬದಲಿ ಮಾಡ್ತೀನಿ" ಎಂದು ಹೇಳಿ ಬಸ್ಸು ಹತ್ತಿದರು. ತಿರುಗಿ ಬಂದದ್ದು ಸಂದರ್ಶನದ ಹಿಂದಿನ ಸಂಜೆ. ಬಂದವರೇ ಬೇವಿನ ಮರದ ಕೆಳಗೆ ಬಗ್ಗಿ ನೋಡಿದರು. ನೆಲ ಒಣಗಿತ್ತು.

"ಏನ್ರೀ ಇದು?" ಎಂದು ಗಂಡನನ್ನು ಕೇಳಿದರು.

"ಗಿರಣಿ ಫಿಟ್ಟರ್ ಕಡಿಂದ ಬೋಲ್ಟ್ ಬಿಗಿ ಮಾಡಿಸೀನಿ" ಎಂದರು ಸಾವುಕಾರರು. ಆ ಮುಖದಲ್ಲಿ ಎಂದೂ ಇಲ್ಲದ ಒಂದು ಕಳೆ ಇತ್ತು. ಪ್ರಯಾಣದಿಂದ ದಣಿದ ಅವ್ವಾರು ಹೆಚ್ಚು ಕೇಳಲಿಲ್ಲ. ಹುಡುಗಿ ಅಂದು ನನ್ನ ಕೋಣೆಯಲ್ಲಿ ಮಲಗಿದಳು.

ಬೆಳಿಗ್ಗೆ ಹೊರಟೆವು. ನಾನು ಮುಂದೆ, ಹಿಂದೆ ಹುಡುಗಿ, ಅವಳ ಪಕ್ಕದಲ್ಲಿ ಕೊಡ ಹಿಡಿದ ಸಾವುಕಾರರು. ಕಲ್ಲೂರು ದಾಟಿ ಸ್ವಲ್ಪ ದೂರ ಹೋಗಿದ್ದೆವು, ಅವ್ವಾರು ಮಾತಾಡುತ್ತಿದ್ದವರು ಒಮ್ಮೆಲೇ ಸುಮ್ಮನಾದರು. ಎಂಜಿನ್ ಬಂದ್ ಮಾಡಿ, ಕಾರು ತಾನೇ ಉರುಳುತ್ತಿದ್ದಂತೆ ರಸ್ತೆಯ ಪಕ್ಕದ ಹುಣಸೆಮರದ ನೆರಳಿಗೆ ತಂದು ನಿಲ್ಲಿಸಿದರು.

"ಎಣ್ಣಿ ಮುಳ್ಳು ಬಿತ್ತು" ಎಂದರು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಪೂರ್ತಿ ಕೆಳಗೆ ಮಲಗಿತ್ತು. ಇನ್ನೊಂದು ಮೈಲು ಓಡಿಸಿದ್ದರೆ ಎಂಜಿನ್ ಒಳಗೊಳಗೇ ಕಚ್ಚಿಕೊಂಡು ಸಾಯುತ್ತಿತ್ತು. ಎಣ್ಣೆಯ ಕಡ್ಡಿ ಎಳೆದು ನೋಡಿದರು. ಎಣ್ಣೆ ತುಂಬಿತ್ತು. ತಟ್ಟೆಯಲ್ಲಿ ಎಣ್ಣೆ ಇದೆ, ಮೇಲಕ್ಕೆ ಏರುತ್ತಿಲ್ಲ. ಅವ್ವಾರು ಕಡ್ಡಿ ಒರೆಸಿ ತಿರುಗಿ ಸಿಕ್ಕಿಸಿದರು. ಗಂಡನ ಕಡೆ ನೋಡಲಿಲ್ಲ.

ಹುಡುಗಿಯ ಕಣ್ಣಲ್ಲಿ ಆಗಲೇ ನೀರು. "ಅಳಬ್ಯಾಡ ತಂಗಿ, ಕಾರು ನಿಂತದ, ನೀ ನಿಂತಿಲ್ಲ" ಎಂದು ಅವ್ವಾರು ರಸ್ತೆಯ ನಡುವೆ ಹೋಗಿ ನಿಂತರು. ಅಕ್ಕಿ ಹೇರಿಕೊಂಡು ಬಂದ ಲಾರಿ ನಿಂತಿತು. ಡ್ರೈವರು ಪರಿಚಯದವನು. ನನ್ನನ್ನೂ ಹುಡುಗಿಯನ್ನೂ ಮುಂದೆ ಕೂರಿಸಿ, ನನ್ನ ಕಿವಿಯಲ್ಲಿ ಹೇಳಿದರು: "ಬರುವಾಗ ಚಾಚಾನ ಅಂಗಡಿಯಿಂದ ಚೇಂಬರಿನಷ್ಟು ಕಾರ್ಕ್ ಹಾಳಿ, ಕರಿ ಮುಲಾಮು ತರ್ರಿ. ಬ್ಯಾರೆ ಏನು ಕೊಟ್ರೂ ಬ್ಯಾಡನ್ರಿ."

ಸಂದರ್ಶನ ನಡೆಯಿತು. ಹುಡುಗಿ ಹೊರಗೆ ಬಂದಾಗ ಮೈಯೆಲ್ಲ ಬೆವರಿತ್ತು. "ಏನು ಕೇಳಿದರು?" ಎಂದರೆ, "ಯಾಕ ಟೀಚರ್ ಆಗಬೇಕಂತೀದಿ ಅಂದ್ರಿ. ನಮ್ಮೂರಾಗ ಒಬ್ಬರೂ ಇಲ್ಲ ಅಂದ್ನಿ" ಎಂದಳು. ಅಲ್ಲಿಂದ ನೇರ ಚಾಚಾನ ಅಂಗಡಿಗೆ ಹೋದೆವು. ನಾನು ಕೇಳಿದ್ದನ್ನು ಕಟ್ಟಿಕೊಡುತ್ತಾ ಚಾಚಾ, "ಮೊನ್ನೆ ಸಾವುಕಾರ್ರು ಬಂದು ಕೆಂಪು ಟ್ಯೂಬ್ ಒಯ್ದ್ರಲ್ಲ, ಅದು ಸಾಲಲಿಲ್ಲೇನ್ರಿ?" ಎಂದರು. ನಾನು ದುಡ್ಡು ಎಣಿಸಿ ಕೊಟ್ಟು ಹೊರಟೆ. ಎಲ್ಲ ತಿಳಿಯಿತು.

ಮಧ್ಯಾಹ್ನದ ಬಸ್ಸು ಹಿಡಿದು ಹುಣಸೆಮರದ ಹತ್ತಿರ ಇಳಿದೆವು. ಅವ್ವಾರು ತಾಡಪಾಲು ಹಾಸಿಕೊಂಡು ಕಾರಿನ ಕೆಳಗಿದ್ದರು. ಎಣ್ಣೆಯನ್ನು ಕೊಡಕ್ಕೆ ಇಳಿಸಿ, ತಟ್ಟೆಯನ್ನು ಆಗಷ್ಟೇ ಬಿಚ್ಚಿದ್ದರು. ಸಾವುಕಾರರು ಬಿಸಿಲಲ್ಲೇ ನಿಂತಿದ್ದರು, ನೆರಳಿಗೆ ಬರುವ ಧೈರ್ಯ ಇಲ್ಲದವರ ಹಾಗೆ. ಅವ್ವಾರು ಹೊರಗೆ ಬಂದು ಎಣ್ಣೆ ಹೀರುವ ಕೊಳವೆಯ ಜಾಲರಿಯನ್ನು ಬೆಳಕಿಗೆ ಹಿಡಿದರು. ಜಾಲರಿಯ ತುಂಬ ಕೆಂಪು ಹುಳುಗಳಂಥ ರಬ್ಬರಿನ ಎಳೆಗಳು ಅಂಟಿಕೊಂಡಿದ್ದವು. ಒಂದೊಂದಾಗಿ ಎಳೆದು ಅಂಗೈಯಲ್ಲಿ ಹಾಕಿಕೊಂಡರು.

"ಏನ್ರೀ ಯವ್ವಾ ಅದು, ಕೆಂಪಂದು?" ಎಂದು ಹುಡುಗಿ ಕೇಳಿದಳು.

ಸಾವುಕಾರರ ತುಟಿ ಅಲುಗಿತು. ಮಾತು ಹೊರಡುವ ಮೊದಲೇ ಅವ್ವಾರು ಹೇಳಿದರು: "ಅಂಟು, ತಂಗಿ. ನಾನ ಹಚ್ಚಿದ್ದು. ಅವಸರದಾಗ ಹೆಚ್ಚಾಗಿ ಹಚ್ಚಿಬಿಟ್ಟೀನಿ."

ಬೇರೆಯವರು ಒಂದು ಬೋಲ್ಟು ಸಡಿಲ ಬಿಟ್ಟರೂ ಬೈದು ನೀರಿಳಿಸುವ ಹೆಂಗಸು. ಆ ವಾರವಿಡೀ ದೇವದುರ್ಗದಲ್ಲಿ ತಾಯಿಯ ತಲೆದೆಸೆಯಲ್ಲಿ ಕುಳಿತಿದ್ದವರು. ಅದು ನನಗೆ ಗೊತ್ತಿತ್ತು, ಸಾವುಕಾರರಿಗೆ ಗೊತ್ತಿತ್ತು. ನನಗೆ ಗೊತ್ತು ಎಂಬುದು ಅವರಿಬ್ಬರಿಗೂ ಗೊತ್ತಿತ್ತು. ಅವ್ವಾರು ಆ ಎಳೆಗಳನ್ನು ಹೊಲದ ಕಡೆ ಎಸೆದು ಕೈ ಚಾಚಿದರು. "ರೀ, ಕತ್ತರಿ ಕೊಡ್ರಿ."

ಕಾರ್ಕ್ ಹಾಳೆಯನ್ನು ತಟ್ಟೆಯ ಅಂಚಿಗೆ ಹಿಡಿದು ಕತ್ತರಿಸಿದರು. ತಟ್ಟೆಯ ಮೈಯಿಂದ ಹಳೆಯ ಕೆಂಪು ಅಂಟನ್ನು ಚಾಕುವಿನಿಂದ ಕೆರೆದು ತೆಗೆದರು. ಕರಿ ಮುಲಾಮನ್ನು ತೆಳ್ಳಗೆ, ಹಣೆಗೆ ವಿಭೂತಿ ಹಚ್ಚುವಷ್ಟೇ ಹಗುರವಾಗಿ ಸವರಿದರು. ಇಳಿಸಿದ ಎಣ್ಣೆಯಲ್ಲಿ ಇನ್ನೂ ಚೂರುಗಳಿದ್ದವು, ಸೋಸದೆ ಹಾಕುವಂತಿರಲಿಲ್ಲ. ಸೋಸಲು ಬಟ್ಟೆ ಎಲ್ಲಿ ಎಂದು ಅವ್ವಾರು ಸುತ್ತ ನೋಡಿದಾಗ ಸಾವುಕಾರರು ಹೆಗಲಿನ ಬಿಳಿ ಶಲ್ಯ ತೆಗೆದು ಮಡಿಚಿ ಕೊಟ್ಟರು.

"ಹಬ್ಬದ ಶಲ್ಯ ರೀ ಇದು."

"ಇರಲಿ ತಗೋ" ಎಂದರು ಸಾವುಕಾರರು. ಇಬ್ಬರೂ ಎರಡು ಕಡೆ ಹಿಡಿದುಕೊಂಡು ಎಣ್ಣೆ ಸೋಸಿದರು.

ಎಂಜಿನ್ ಚಾಲೂ ಆದಾಗ ನಾವೆಲ್ಲ ಮುಳ್ಳನ್ನೇ ನೋಡುತ್ತಿದ್ದೆವು. ಅದು ಸ್ವಲ್ಪ ನಡುಗಿ ಮೇಲೆದ್ದು ನಿಂತಿತು. ಹುಡುಗಿ ಚಪ್ಪಾಳೆ ತಟ್ಟಿದಳು. ಮಾನ್ವಿಯಲ್ಲಿ ನಿಲ್ಲದೆ ನೇರ ಮಲ್ಲಟಕ್ಕೆ ಹೋದೆವು. ಕುರಿ ಹಿಂಡುಗಳು ಊರಿಗೆ ತಿರುಗುತ್ತಿದ್ದವು, ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಊರ ಅಗಸೆ ಬಾಗಿಲಲ್ಲಿ ತಂದೆ ನಿಂತಿದ್ದ. ಪಕ್ಕದಲ್ಲಿ ಸೋದರಮಾವನೂ ಇದ್ದ. ಮೊಣಕೈವರೆಗೆ ಕಪ್ಪಾದ ಅವ್ವಾರ ಕೈ ನೋಡಿ ತಂದೆ ಗಾಬರಿಯಾಗಿ, "ಏನಾತ್ರೀ ಯವ್ವಾ?" ಎಂದ.

"ಏನೂ ಆಗಿಲ್ಲ. ನಿನ್ನ ಮಗಳು ಟೀಚರ್ ಆಗ್ತಾಳ. ಲಗ್ನ ಆಮ್ಯಾಲ ನೋಡಿಕೊಳ್ಳೋಣ" ಎಂದರು ಅವ್ವಾರು, ಸೋದರಮಾವನ ಕಡೆ ತಿರುಗಿ.

ಆ ಹುಡುಗಿಗೆ ತರಬೇತಿಯಲ್ಲಿ ಜಾಗ ಸಿಕ್ಕಿತು. ಮುಂದೆ ಬಾಗಲವಾಡದ ಶಾಲೆಯಲ್ಲಿ ಬಹಳ ವರ್ಷ ಕಲಿಸಿದಳು.

ಮಾರನೆಯ ದಿನ ನಾನು ಕಟ್ಟೆಯ ಮೇಲೆ ಕುಳಿತು ಪುಸ್ತಕ ತಿದ್ದುತ್ತಿದ್ದಾಗ ಸಾವುಕಾರರು ಬಂದು ಪಕ್ಕದಲ್ಲಿ ಕುಳಿತರು. ಹಾಗೆ ಬಂದು ಕುಳಿತವರಲ್ಲ. ನೆಲ ನೋಡುತ್ತಾ ಹೇಳಿದರು: "ಆಕಿ ಛಲೋ ಅದ ಅಂದಿದ್ಲಲ್ರೀ, ಟೀಚರ್. ತವರಿನ್ಯಾಗ ಚಿಂತಿ ಮಾಡಿ ಬಂದಿರ್ತಾಳ, ಬರೋದ್ರಾಗ ನೆಲ ಒಣಗಿರಲಿ ಅಂತ ನಾನ ಕೈಲೆ ಹಚ್ಚಿದೆ. ಫಿಟ್ಟರ್‌ಗೆ ಬಿಚ್ಚಿ ಬಿಗಿಯೋದಷ್ಟ ಬಿಟ್ಟೆ, ಅಂಟು ಮುಟ್ಟಗೊಡಲಿಲ್ಲ." ಏಳುತ್ತಾ, "ಆಕಿ ಬೈದಿದ್ರ ಬೇಶಿತ್ತು" ಎಂದರು.

ಅವ್ವಾರಿಗೆ ಈ ಮಾತು ಕೇಳಿಸಿತೋ ಇಲ್ಲವೋ ತಿಳಿಯದು. ಆದರೆ ಆ ವಾರದ ರಜೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಅವರ ದನಿ ಕೇಳಿತು: "ಬರ್ರಿ, ಇಲ್ಲಿ ಕುಂದರ್ರಿ. ಧೋತರ ಎತ್ತಿ ಕಟ್ಟಿಕೊಳ್ರಿ ಮದಲ." ಕಿಟಕಿಯಿಂದ ನೋಡಿದೆ. ಕಾರಿನ ಬಾಯಿ ತೆರೆದಿತ್ತು. ಸಾವುಕಾರರು ಹೆದರುತ್ತಾ ಬೆರಳಿಗೆ ಮುಲಾಮು ತೆಗೆದುಕೊಂಡರು. "ಅಷ್ಟ್ಯಾಕ? ಅರ್ಧ ಸಾಕು. ಹಾಂ. ಇನ್ನೂ ತೆಳ್ಳಗ." ಅವರು ಸವರಿದರು. ಅವ್ವಾರು ಬಗ್ಗಿ ನೋಡಿ, "ಬರೊಬ್ಬರಿ" ಎಂದರು. ಆ ವಯಸ್ಸಾದ ಮನುಷ್ಯ ಶಾಲೆಯ ಹುಡುಗನ ಹಾಗೆ ನಕ್ಕದ್ದನ್ನು ನಾನು ಕಂಡೆ.

ನಾನು ವರ್ಗವಾಗಿ ರಾಯಚೂರಿಗೆ ಬರುವವರೆಗೂ ರಜೆಯ ಬೆಳಗುಗಳು ಹಾಗೆಯೇ ಇದ್ದವು. ಆಕೆ ಬೈಯುವುದು, ಅವರು ನಗುವುದು, ನಡುವೆ ಪಾನಾ ಬೀಳುವ ಸದ್ದು. ಅವರ ಧೋತರಗಳಿಗೆ ಮಾತ್ರ ಆಮೇಲೆ ಬಿಳಿ ಬಣ್ಣ ತಿರುಗಿ ಬರಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಾವುಕಾರರು ತೀರಿಕೊಂಡರು. ಮಾತಾಡಿಸಲು ನಾನು ಮಾನ್ವಿಗೆ ಹೋದಾಗ ಬೇವಿನ ಮರದ ಕೆಳಗೆ ಕಾರು ಇರಲಿಲ್ಲ. ಹೈದರಾಬಾದಿನ ಯಾರೋ ಹಳೆ ಕಾರಿನ ಷೋಕಿಯವರಿಗೆ ಕೊಟ್ಟೆ ಎಂದರು ಅವ್ವಾರು. ನನಗೆ ಆಶ್ಚರ್ಯವಾಯಿತು. ಅವರ ಕೈಕಾಲು ಇನ್ನೂ ಗಟ್ಟಿಯಾಗಿದ್ದವು, ಕಣ್ಣು ಚೆನ್ನಾಗಿತ್ತು.

"ಯಾಕ ಕೊಟ್ರಿ ಅವ್ವಾರ? ನಿಮಗ ಬಿಚ್ಚಿ ಜೋಡಸಾಕ ಬರ್ತಿತ್ತಲ್ಲ?"

ಅವರು ಹೇಳಿದರು:

"ಬರ್ತದ್ರೀ. ಆದ್ರ ಈ ಕಡಿ ಬೋಲ್ಟ್ ಬಿಗೀಬೇಕಂದ್ರ ಆ ಕಡಿ ಒಬ್ಬರು ಹಿಡಕೊಂಡಿರಬೇಕಲ್ಲ."